ಕಪ್ಪಿಗೆ ನೀರು ಬಿದ್ದ ಮೇಲೆ: ವಿಮಾನದ ಉಪ್ಪಿಟ್ಟು, ಅವಲಕ್ಕಿ

ಬೆಂಗಳೂರಿನಿಂದ ದೆಹಲಿಗೆ ಬೆಳಗಿನ ಆರರ ವಿಮಾನ ಹಿಡಿಯುವವರು ಮನೆ ಬಿಡುವುದು ಮೂರಕ್ಕೋ ಮೂರೂವರೆಗೋ. ಆ ಹೊತ್ತಿನಲ್ಲಿ ಗಂಟಲಲ್ಲಿ ತಿಂಡಿ ಇಳಿಯುವುದಿಲ್ಲ. ಹಸಿವಾಗುವುದು ವಿಮಾನ ಮೇಲೇರಿದ ಮೇಲೆ, ಟ್ರಾಲಿ ಬರುವ ಹೊತ್ತಿಗೆ. ಎಕಾನಮಿ ಸೀಟಿನಲ್ಲಿ ದುಡ್ಡು ಕೊಟ್ಟು ಕೊಳ್ಳುವ ಬಿಸಿ ತಿಂಡಿಯನ್ನು ರುಚಿಯಾಗಿಯೇ ತಿನ್ನಬಹುದು. ಆದರೆ ಅದು ಯಾವ ಬಗೆಯ ಬಿಸಿ ಎಂದು ಮೊದಲು ತಿಳಿದಿರಬೇಕು.

ಒಂದು ಬಗೆ ಓವನ್ನಿನದು. ನೆಲದ ಮೇಲಿನ ಅಡುಗೆಮನೆಯಲ್ಲಿ ಬೇಯಿಸಿ, ಬೇಗ ತಣಿಸಿ, ಶೀತದಲ್ಲೇ ಇಟ್ಟು ವಿಮಾನಕ್ಕೆ ತಂದ ಊಟವನ್ನು ಅಲ್ಲಿ ಬಿಸಿಗಾಳಿಯ ಓವನ್ನಿನಲ್ಲಿ ಕಾಯಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಇದನ್ನು ಮುಂಗಡವಾಗಿ ಬುಕ್ ಮಾಡಿರಬೇಕು. ಇಲ್ಲಿ ಇಡ್ಲಿಗಿಂತ ಪೊಂಗಲ್ ವಾಸಿ. ತಣ್ಣಗಾದಾಗ ಇಡ್ಲಿಯ ಪಿಷ್ಟ ಬಿಗಿಯಾಗುತ್ತದೆ, ಆಮೇಲೆ ಒಣ ಬಿಸಿಗಾಳಿ ಅದರ ಅಂಚನ್ನು ರಬ್ಬರಿನಂತೆ ಮಾಡುತ್ತದೆ. ಆಮ್ಲೆಟ್ಟೂ ಹಾಗೆಯೇ: ಎರಡನೆಯ ಸಲ ಕಾದಾಗ ಮೊಟ್ಟೆ ನೀರು ಬಿಟ್ಟು ಗಟ್ಟಿಯಾಗುತ್ತದೆ. ಪೊಂಗಲ್ಲಿನಲ್ಲಿ ನೀರೂ ತುಪ್ಪವೂ ಧಾರಾಳ, ಅದಕ್ಕೇ ಎರಡನೆಯ ಬಿಸಿಯನ್ನು ತಡೆದುಕೊಳ್ಳುತ್ತದೆ.

ಇನ್ನೊಂದು ಬಗೆ ಕಪ್ಪಿನದು. ಒಣ ಮಿಶ್ರಣವಿರುವ ಕಪ್ಪಿಗೆ ಗಗನಸಖಿ ಬಿಸಿನೀರು ಹುಯ್ದು ಕೊಡುತ್ತಾರೆ. ಕಡಿಮೆ ದರದ ವಿಮಾನಗಳಲ್ಲಿ ಹೆಚ್ಚು ಸಿಗುವುದು ಇದೇ, ಹೆಚ್ಚು ಕೆಡುವುದೂ ಇದೇ.

ಕೆಡಲು ಕಾರಣ ನೀರು. ಏರ್‌ಬಸ್ ಎ320ಯಂಥ ವಿಮಾನ ಪೂರ್ತಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ ಸುಮಾರು 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಿರುತ್ತದೆ. 8000 ಅಡಿಯಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಯಂತ್ರದಿಂದ ಜಗ್ಗಿಗೆ, ಜಗ್ಗಿನಿಂದ ಕಪ್ಪಿಗೆ ಬರುವಷ್ಟರಲ್ಲಿ ಇನ್ನಷ್ಟು ಇಳಿದಿರುತ್ತದೆ. ಆ ನೀರು ಏನನ್ನೂ ಬೇಯಿಸುವುದಿಲ್ಲ, ಈಗಾಗಲೇ ಬೆಂದದ್ದನ್ನು ನೆನೆಸುತ್ತದೆ ಅಷ್ಟೆ.

ಅದಕ್ಕೇ ನನ್ನ ಮೊದಲ ಆಯ್ಕೆ ಅವಲಕ್ಕಿ. ಭತ್ತವನ್ನು ನೆನೆಸಿ, ಹುರಿದು, ಚಪ್ಪಟೆ ಮಾಡುವಾಗಲೇ ಅದರ ಬೇಯುವ ಕೆಲಸ ಬಹುಪಾಲು ಮುಗಿದಿರುತ್ತದೆ. ಮನೆಯಲ್ಲಿ ತಣ್ಣೀರಿಗೇ ಮೆತ್ತಗಾಗುವ ಪದಾರ್ಥಕ್ಕೆ ವಿಮಾನದ ನೀರು ಧಾರಾಳ ಸಾಕು. ಉಪ್ಪಿಟ್ಟಿನ ರವೆಗೆ ಶಾಖವೂ ಬೇಕು, ಸಮಯವೂ ಬೇಕು. ಆತುರ ಮಾಡಿದರೆ ಮೇಲೆ ಗಂಜಿ, ತಳದಲ್ಲಿ ಒಣಪುಡಿ.

ಕಪ್ಪು ಕೈಗೆ ಬಂದ ತಕ್ಷಣ ಒಳಗಿನ ಗೆರೆಯವರೆಗೆ ನೀರಿದೆಯೇ ನೋಡಿ. ವಿಮಾನ ಅಲುಗಿದರೆ ಕೈ ಸುಡುತ್ತದೆಂದು ಕೆಲವೊಮ್ಮೆ ಗೆರೆಗಿಂತ ಕೆಳಗೇ ನಿಲ್ಲಿಸುತ್ತಾರೆ. ಆಗಲೇ ಕೇಳಿ ಹಾಕಿಸಿಕೊಳ್ಳಬೇಕು, ಐದು ನಿಮಿಷ ಬಿಟ್ಟು ಸುರಿದರೆ ಕಾಳಿನ ಸುತ್ತ ನೀರು ನಿಲ್ಲುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ನಂತರ ಚಮಚವನ್ನು ತಳಕ್ಕೆ ತಾಗಿಸಿ, ಮೂಲೆ ಕೆರೆದು, ಒಂದೇ ಸಲ ಚೆನ್ನಾಗಿ ಕಲಕಿ. ಮಸಾಲೆ ತಳದಲ್ಲೇ ಕೂತಿರುತ್ತದೆ. ಮುಚ್ಚಳ ಒತ್ತಿ ಮುಚ್ಚಿ. ಕಪ್ಪಿನ ಮೇಲೆ ಬರೆದಷ್ಟು ಹೊತ್ತಿನ ಮೇಲೆ ಇನ್ನೂ ಎರಡು ಮೂರು ನಿಮಿಷ ಕಾಯಿರಿ. ನಡುವೆ ಮುಚ್ಚಳ ತೆಗೆದು ನೋಡುವ ಆಸೆ ಬೇಡ, ಇರುವ ಅಷ್ಟಿಷ್ಟು ಶಾಖವೂ ಹೋಗುತ್ತದೆ. ಕಪ್ಪನ್ನು ಮುಂದಿನ ಟ್ರೇಯಲ್ಲಿ ಇಟ್ಟಿದ್ದರೆ ಕೈ ಹಿಡಿದೇ ಇರಲಿ. ಮುಂದಿನವರು ಸೀಟು ಹಿಂದಕ್ಕೆ ಬಾಗಿಸಿದರೆ ಬಿಸಿನೀರು ತೊಡೆಯ ಮೇಲೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದರೆ ಕಪ್ಪಿನ ತಿಂಡಿ ಕೊಳ್ಳಲೇಬೇಡಿ.

ರುಚಿ ಸಪ್ಪೆಯೆನಿಸಿದರೆ ತಪ್ಪೆಲ್ಲ ತಿಂಡಿಯದಲ್ಲ. ಲುಫ್ತಾನ್ಸಾ ಕಂಪನಿಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2010ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ವಿಮಾನದೊಳಗಿನ ಕಡಿಮೆ ಒತ್ತಡ ಮತ್ತು ಒಣಗಾಳಿಯಲ್ಲಿ ಉಪ್ಪು, ಸಿಹಿ ಎರಡೂ ನಾಲಿಗೆಗೆ ಮಂಕಾಗುವುದು ಕಂಡಿತ್ತು. ಹುಳಿ ಅಷ್ಟಾಗಿ ಕುಂದುವುದಿಲ್ಲ. ಮನೆಯಲ್ಲೇ ಹೆಚ್ಚಿ ಪುಟ್ಟ ಡಬ್ಬಿಗೆ ಹಾಕಿದ ಎರಡು ಹೋಳು ನಿಂಬೆಹಣ್ಣು ಅವಲಕ್ಕಿಗೆ ಹಿಂಡಿ ನೋಡಿ. ಉಪ್ಪಿನ ಪೊಟ್ಟಣ ಮಾತ್ರ ಕೇಳಬೇಡಿ. ಇಂಥ ತಿಂಡಿಗಳಲ್ಲಿ ಉಪ್ಪು ಮೊದಲೇ ಹೆಚ್ಚಿರುತ್ತದೆ. ಕಪ್ಪಿನ ಮೇಲೆ ಬರೆದ ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಆ ಅಂಕಿ ಇಡೀ ಕಪ್ಪಿಗೋ 100 ಗ್ರಾಮಿಗೋ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ಬಿಪಿ ಇರುವವರು ಅರ್ಧ ಕಪ್ಪಿಗೇ ನಿಲ್ಲಿಸುವುದು ಒಳ್ಳೆಯದು.

ಚಹಾದ ಪೊಟ್ಟಣಕ್ಕೂ ಅದೇ ನೀರು. ನಾಲ್ಕೈದು ನಿಮಿಷ ಮುಳುಗಿಸಿಟ್ಟರಷ್ಟೇ ಬಣ್ಣ ಬಿಡುತ್ತದೆ. ಇನ್‌ಸ್ಟಂಟ್ ಕಾಫಿ ಕರಗಿದರೆ ಸಾಕಾದ್ದರಿಂದ ಕಾಫಿಯೇ ಮೇಲು.

ಹೊತ್ತಿನ ಲೆಕ್ಕವೂ ಇರಲಿ. ದೆಹಲಿಯ ಎರಡೂವರೆ ಗಂಟೆಗೂ ಮೀರಿದ ಹಾರಾಟದಲ್ಲಿ ಯಾವ ಸಾಲಿನಲ್ಲಿ ಕೂತರೂ ನಿಧಾನವಾಗಿ ತಿನ್ನಬಹುದು. ಮುಂಬೈಗೆ ಹೋಗುವಾಗ ಟ್ರಾಲಿ ಕೊನೆಗೆ ಬರುವ ಸಾಲಿನಲ್ಲಿದ್ದರೆ ಅವಸರವಾಗುತ್ತದೆ, ಹಾಗಾಗಿ ಅವಲಕ್ಕಿಯನ್ನೇ ಕೇಳಿ. ಮಂಗಳೂರಿಗೋ ಹುಬ್ಬಳ್ಳಿಗೋ ಆದರೆ ಬಿಸಿ ತಿಂಡಿಯ ಗೋಜೇ ಬೇಡ. ಕಪ್ಪು ನೆನೆಯುವಷ್ಟರಲ್ಲಿ ಟ್ರೇ ಮಡಚಲು ಹೇಳುತ್ತಾರೆ; ಇಳಿದ ಮೇಲೆ ಹೊರಗೆ ಬಿಸಿ ಬನ್ಸ್ ಸಿಗುತ್ತದೆ, ಗಿರ್ಮಿಟ್ಟೂ ಸಿಗುತ್ತದೆ.