ನೀರು ಕಾಣದ ಮಣ್ಣು

ಹನ್ನೊಂದು ವರ್ಷದಿಂದ ನನ್ನದು ಮಣ್ಣು ಪರೀಕ್ಷೆಯ ಕೆಲಸ. ಎಲ್ಲೋ ಪಾಯ ಹಾಕಬೇಕು, ಎಲ್ಲೋ ರಸ್ತೆ ಆಗಬೇಕು ಅಂದರೆ ಅಲ್ಲಿನ ಮಣ್ಣು ಚೀಲದಲ್ಲಿ ನಮ್ಮ ಲ್ಯಾಬಿಗೆ ಬರುತ್ತದೆ. ಚೀಲ ಬಿಚ್ಚಿದ ಕೂಡಲೇ ಕೈ ತಾನಾಗಿಯೇ ಶುರು ಮಾಡುತ್ತದೆ. ಚಿಟಿಕೆ ಮಣ್ಣು ಅಂಗೈಗೆ ಹಾಕಿ, ನಾಲ್ಕು ಹನಿ ನೀರು ಬೆರೆಸಿ ನಾದುವುದು. ಅಂಟಿದರೆ ಜೇಡಿ, ಉದುರಿದರೆ ಮರಳು. ಆಮೇಲೆ ಗಾಜಿನ ಮೇಲೆ ಹೊಸೆದು 3 ಮಿ.ಮೀ. ದಪ್ಪದ ಎಳೆ ಮಾಡುತ್ತೇವೆ. ಎಷ್ಟು ನೀರಿದ್ದಾಗ ಆ ಎಳೆ ಬಿರುಕು ಬಿಡುತ್ತದೆ ಅನ್ನುವುದು ಒಂದು ಮುಖ್ಯ ಅಳತೆ.

ಆ ದಿನ ಬಂದದ್ದು ಚೀಲ ಅಲ್ಲ. ಮುಚ್ಚಳಕ್ಕೆ ಟೇಪ್ ಸುತ್ತಿದ ಡಬ್ಬ. ಒಳಗೆ ಬೂದು ಬಣ್ಣದ ನುಣ್ಣನೆ ಪುಡಿ. ಚಂದ್ರನ ಮಣ್ಣನ್ನು ಹೋಲುವಂತೆ ಭೂಮಿಯ ಕಲ್ಲನ್ನೇ ಅರೆದು ಮಾಡಿದ್ದು. ನಿಜವಾದದ್ದು ಇಂಥ ಪರೀಕ್ಷೆಗೆ ಸಿಗುವುದಿಲ್ಲ. 1969ರಿಂದ 1972ರವರೆಗೆ ಅಪೊಲೊದ ಆರು ಯಾನಗಳಲ್ಲಿ ತಂದದ್ದು ಕಲ್ಲು, ಮಣ್ಣು ಎಲ್ಲ ಸೇರಿ 382 ಕೆ.ಜಿ. ಸೋವಿಯತ್ತಿನ ಮೂರು ಲೂನಾ ನೌಕೆಗಳು ತಂದದ್ದು ಒಟ್ಟು ಅರ್ಧ ಕೆ.ಜಿ.ಯೂ ಇಲ್ಲ. ಅದನ್ನು ಗ್ರಾಂ ಲೆಕ್ಕದಲ್ಲಿ ಹಂಚುತ್ತಾರೆ. ರೋವರ್ ಓಡಿಸಿ ನೋಡಲು ಟನ್‌ಗಟ್ಟಲೆ ಬೇಕು, ಅಲ್ವಾ? ಅದಕ್ಕೇ ಈ ನಕಲು. ಚಂದ್ರಯಾನ-2ರ ಪರೀಕ್ಷೆಗೆ ಇಸ್ರೋ ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲು ಪುಡಿ ಮಾಡಿಸಿತ್ತು. ಚಂದ್ರನಲ್ಲಿ ನಮಗೆ ಬೆಳ್ಳಗೆ ಕಾಣುವ ಎತ್ತರದ ಭಾಗ ಹೆಚ್ಚಾಗಿ ಇದೇ ಜಾತಿಯ ಕಲ್ಲು.

ಡಬ್ಬ ಬಿಚ್ಚಿದೆ. ಚಿಟಿಕೆ ತೆಗೆದೆ. ನೀರಿನ ಬಾಟಲಿ ಆಗಲೇ ಇನ್ನೊಂದು ಕೈಯಲ್ಲಿತ್ತು.

"ನೀರು ಹಾಕಬೇಡಿ," ಅಂದರು ಮೇಡಂ. "ಇದು ನೀರನ್ನೇ ನೋಡದ ಮಣ್ಣಿನ ನಕಲು."

ಬಾಟಲಿ ಕೆಳಗಿಟ್ಟೆ. ಓದಿ ಗೊತ್ತಿದ್ದ ವಿಷಯವೇ. ಆದರೆ ಕೈಗೆ ಗೊತ್ತಿರಲಿಲ್ಲ. ಜೇಡಿ ಅನ್ನುವುದು ಕಲ್ಲಿನ ಮೇಲೆ ನೀರು ಕಾಲಾಂತರ ಮಾಡಿದ ಕೆಲಸ. ಚಂದ್ರನ ಧ್ರುವಗಳ ಹತ್ತಿರ, ಬಿಸಿಲೇ ಬೀಳದ ಕುಳಿಗಳಲ್ಲಿ ಹಿಮ ಇದೆ, ನಿಜ. ಹರಿಯುವ ನೀರಿಲ್ಲ, ಮಳೆ ಇಲ್ಲ, ಗಾಳಿ ಇಲ್ಲ. ಹಾಗಾಗಿ ಅಲ್ಲಿ ನಾದಿ ಎಳೆ ಹೊಸೆಯುವಂಥ ಮಣ್ಣೇ ಹುಟ್ಟಲಿಲ್ಲ. ಅಲ್ಲಿ ಕಲ್ಲನ್ನು ಮಣ್ಣು ಮಾಡಿದ್ದು ಬರೀ ಪೆಟ್ಟು. ದೊಡ್ಡ ಉಲ್ಕೆ, ಸಣ್ಣ ಉಲ್ಕೆ, ಧೂಳಿನ ಕಣದಷ್ಟು ಉಲ್ಕೆ, ಕೋಟ್ಯಂತರ ವರ್ಷ.

ಮೈಕ್ರೋಸ್ಕೋಪಿನ ಕೆಳಗೆ ಮೊದಲು ನದಿಯ ಮರಳಿಟ್ಟೆ. ಉರುಳಿ ಉರುಳಿ ಮೂಲೆ ಸವೆದ ಕಣಗಳು. ಪಕ್ಕದಲ್ಲಿ ಈ ಪುಡಿ ಇಟ್ಟೆ. ಒಂದೂ ಗುಂಡಗಿಲ್ಲ. ಒಡೆದ ಗಾಜಿನ ಚೂರಿನ ಹಾಗೆ ಚೂಪು ತುದಿ, ಹರಿತ ಅಂಚು. ನಿಜವಾದ ಚಂದ್ರನ ಕಣದ ಚಿತ್ರ ಇದಕ್ಕಿಂತ ವಿಚಿತ್ರ. ಸಣ್ಣ ಉಲ್ಕೆ ಬಡಿದಾಗ ಆ ಬಿಸಿಗೆ ಒಂದಷ್ಟು ಮಣ್ಣು ಕರಗಿ ಗಾಜಾಗುತ್ತದೆ. ಆ ಗಾಜು ಸುತ್ತಲಿನ ಚೂರುಗಳನ್ನು ಅಂಟಿಸಿಕೊಂಡೇ ಗಟ್ಟಿಯಾಗುತ್ತದೆ. ಮೈತುಂಬ ತೂತು, ಕೊಕ್ಕೆ, ಕವಲು. ಜೊತೆಗೆ ಆ ಗಾಜಿನಲ್ಲಿ ತೀರಾ ಸಣ್ಣ ಕಬ್ಬಿಣದ ಕಣಗಳು ಇರುವುದರಿಂದ ಆಯಸ್ಕಾಂತ ಹಿಡಿದರೆ ಮಣ್ಣೇ ಎದ್ದು ಬರುತ್ತದೆ. ನಮ್ಮ ನಕಲಿನಲ್ಲಿ ಇದು ಯಾವುದೂ ಇಲ್ಲ. ಅರೆಯುವ ಯಂತ್ರ ಚೂಪು ಮಾಡಬಲ್ಲದು, ಉಲ್ಕೆ ಮಾಡಿದ್ದನ್ನು ಮಾಡಲಾರದು.

ಜರಡಿ ಹಿಡಿದದ್ದರ ಬಗ್ಗೆ ಜಾಸ್ತಿ ಹೇಳುವಂಥದ್ದೇನಿಲ್ಲ. ಪುಡಿ ಜರಡಿಯ ತೂತುಗಳಲ್ಲಿ ಸಿಕ್ಕಿಕೊಂಡಿತು, ಬ್ರಷ್‌ನಲ್ಲಿ ತಟ್ಟಿ ತಟ್ಟಿ ಬಿಡಿಸಿದೆ.

ಮಧ್ಯಾಹ್ನ ಒಂದು ತಟ್ಟೆಯಲ್ಲಿ ಹರಡಿ, ಸುಮ್ನೆ ಹೆಬ್ಬೆರಳು ಒತ್ತಿದೆ. ಬೆರಳು ತೆಗೆದರೆ ಗುಳಿ ಹಾಗೇ ನಿಂತಿತ್ತು. ಅಂಚು ಗೋಡೆ ಕಡಿದ ಹಾಗೆ ನೇರ. ಅಡಿಯಲ್ಲಿ ನನ್ನ ಬೆರಳಿನ ಗೆರೆ ಕೂಡ ಮಸುಕಾಗಿ ಮೂಡಿತ್ತು. ಓವನ್‌ನಲ್ಲಿ ಒಣಗಿಸಿದ ಮಣ್ಣು ಇದು! ಒಣ ಮರಳಿನಲ್ಲಿ ಒತ್ತಿದರೆ ಅಂಚು ಆ ಕ್ಷಣವೇ ಜಾರುತ್ತದೆ. ಇಲ್ಲಿ ಚೂಪು ಕಣಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿವೆ. 1969ರಲ್ಲಿ ಗಗನಯಾತ್ರಿ ಬಜ್ ಆಲ್ಡ್ರಿನ್ ಚಂದ್ರನ ಮೇಲೆ ತೆಗೆದ ಬೂಟಿನ ಗುರುತಿನ ಚಿತ್ರ ಎಷ್ಟು ಸಲ ನೋಡಿದ್ದೆನೋ. ಪಟ್ಟೆ ಪಟ್ಟೆಯಾಗಿ ಅಷ್ಟು ಸ್ಪಷ್ಟವಾಗಿ ಅದು ಹೇಗೆ ಮೂಡಿತು ಅಂತ ನನ್ನ ಹೆಬ್ಬೆರಳಿಗೆ ಅವತ್ತು ಅರ್ಥವಾಯಿತು.

ಇನ್ನೊಂದು ಸಂಗತಿ ಲ್ಯಾಬಿನಲ್ಲಿ ನೋಡಲು ಆಗದು. ಚಂದ್ರನಲ್ಲಿ ಕಣಗಳ ನಡುವೆ ಗಾಳಿ ಕೂಡ ಇಲ್ಲ. ಹಾಗಾಗಿ ಬಿಸಿ ಕೆಳಗೆ ಇಳಿಯುವುದು ತೀರಾ ಕಡಿಮೆ. 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ಚೇಸ್ಟ್ ಉಪಕರಣ ಮಣ್ಣಿಗೆ ಕಡ್ಡಿ ಚುಚ್ಚಿ ಅಳೆದಾಗ ಮೇಲೆ 50 ಡಿಗ್ರಿಗಿಂತ ಜಾಸ್ತಿ, ಬರೀ 8 ಸೆಂ.ಮೀ. ಆಳದಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ. ಒಂದು ಗೇಣೂ ಇಲ್ಲ! ನನಗೆ ಇಂದಿಗೂ ಆ ಗ್ರಾಫ್ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಸಂಜೆ ಒಂದು ತಪ್ಪಾಯಿತು. ಮೇಜಿನ ಮೇಲಿದ್ದ ಗಾಜಿನ ಹಲಗೆ ಧೂಳಾಗಿತ್ತು. ಅದೇ ನಾವು ಎಳೆ ಹೊಸೆಯುವ ಹಲಗೆ. ಒಣ ಬಟ್ಟೆಯಿಂದ ಎರಡು ಸಲ ಒರೆಸಿದೆ. ಬೆಳಕಿಗೆ ಹಿಡಿದರೆ ಉದ್ದಕ್ಕೂ ಸಣ್ಣ ಸಣ್ಣ ಗೀರು. ಹಲಗೆ ಹಾಳಾಯಿತಲ್ಲ ಅಂತ ಬೇಜಾರಾಯಿತು. ಮೇಡಂ ಅದನ್ನು ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. 1972ರಲ್ಲಿ ಅಪೊಲೊ 17ರ ಹ್ಯಾರಿಸನ್ ಶ್ಮಿಟ್ ಅವರ ಹೆಲ್ಮೆಟ್ಟಿನ ಬಿಸಿಲು ತಡೆಯುವ ಪರದೆಗೆ ಇದೇ ಆಗಿತ್ತಂತೆ. ಗೀರು ಬಿದ್ದೂ ಬಿದ್ದೂ ಕೆಲವು ದಿಕ್ಕಿಗೆ ಏನೂ ಕಾಣದ ಹಾಗಾಗಿತ್ತು. ನೌಕೆಯೊಳಗೆ ಬಂದ ಧೂಳಿಗೆ ಅವರ ಮೂಗೂ ಕಟ್ಟಿತ್ತು. ನಾನು ಮುಖದ ಮಾಸ್ಕನ್ನು ಇನ್ನೊಮ್ಮೆ ಬಿಗಿ ಮಾಡಿಕೊಂಡೆ.

"ಹಲಗೆ ಎಸೆಯಬೇಡಿ," ಅಂದರು ಮೇಡಂ. "ವರದಿ ಜೊತೆ ಇದರ ಫೋಟೋನೂ ಹಾಕೋಣ."

ಕೊನೆಗೆ ವರದಿ ತುಂಬಲು ಕೂತೆ. ನಮ್ಮದು ಎಂದಿನ ಮಾಮೂಲಿ ಫಾರಂ. ಎಳೆ ಹೊಸೆಯುವ ಪರೀಕ್ಷೆಯ ಸಾಲಿನಲ್ಲಿ 'ಅನ್ವಯಿಸುವುದಿಲ್ಲ' ಅಂತ ಬರೆದೆ. ತಟ್ಟೆ ಪಕ್ಕದಲ್ಲೇ ಇತ್ತು. ಹೆಬ್ಬೆರಳಿನ ಗುಳಿಯ ಅಂಚು ಇನ್ನೂ ಜರುಗಿರಲಿಲ್ಲ.