ಹಲಸಿನ ಮರ, ವಾರಕ್ಕೊಮ್ಮೆ

"ಅಕ್ಕೋರೇ, ಇದು ಮಿಡೀನಾ, ಹೂವಾ?"

ಐದನೇ ಕ್ಲಾಸಿನ ಹುಡುಗನೊಬ್ಬ ಅಂಗೈ ಬಿಚ್ಚಿ ತೋರಿಸಿದ. ಹಲಸಿನ ಮರದ ಕೆಳಗೆ ಬಿದ್ದಿದ್ದು. ಹೆಬ್ಬೆರಳಷ್ಟು ಉದ್ದ, ಅರ್ಧ ಕಪ್ಪಾಗಿ ಬೂಷ್ಟು ಹಿಡಿದಿತ್ತು.

ಸಿದ್ದಾಪುರ ತಾಲ್ಲೂಕಿನ ಆ ಶಾಲೆಗೆ ನಾನು ಪರಿಸರ ಶಿಕ್ಷಣದ ಇಂಟರ್ನ್ ಆಗಿ ಬಂದು ಆರು ವಾರವಾಗಿತ್ತು. ನಮ್ಮ ತುಮಕೂರಿನಲ್ಲಿ ಟೀಚರಿಗೆ ‘ಮಿಸ್’ ಅನ್ನುತ್ತಿದ್ದೆವು. ಇಲ್ಲಿ ‘ಅಕ್ಕೋರು’. ಆ ಕರೆಯಲ್ಲಿರುವ ಸಲಿಗೆ ನನಗೆ ತುಂಬ ಇಷ್ಟ.

ಮೊದಲ ವಾರ ನಾನು ಚಾರ್ಟ್ ಹಿಡಿದು ಹೋಗಿದ್ದೆ. ಹುಲಿ, ಕಾಡು ನಾಶ, ಭೂಮಿ ಬಿಸಿಯಾಗುವುದು. ಮಕ್ಕಳು ಸುಮ್ನೆ ಕೂತು ಕೇಳಿದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಕಿಟಕಿಯಾಚೆ ಮುರುಗಲು ಮರ, ಅದರಾಚೆ ಅಡಿಕೆ ತೋಟ, ಬೆಟ್ಟ. ಚಾರ್ಟನ್ನು ಸುತ್ತಿಟ್ಟೆ.

ಆಮೇಲೆ ಶುರು ಮಾಡಿದ್ದು ಸೀಸನ್‌ವಾಚ್. ಪ್ರತಿ ಮಗುವಿಗೆ ಒಂದು ಮರ. ವಾರಕ್ಕೊಮ್ಮೆ ಅದೇ ಮರವನ್ನು ನೋಡಬೇಕು. ಎಳೆ ಎಲೆ, ಬಲಿತ ಎಲೆ, ಹೂ, ಕಾಯಿ, ಹಣ್ಣು ಇವುಗಳ ಎದುರು ‘ಇಲ್ಲ’, ‘ಸ್ವಲ್ಪ’, ‘ಜಾಸ್ತಿ’ ಅಂತ ಬರೆಯಬೇಕು. ದೇಶದ ಬೇರೆ ಬೇರೆ ಕಡೆಯ ಶಾಲೆ ಮಕ್ಕಳೂ ಹೀಗೆ ಬರೆದು ಕಳಿಸುತ್ತಾರೆ. ಮರಗಳು ಹೂ ಬಿಡುವ ಹೊತ್ತು ವರ್ಷದಿಂದ ವರ್ಷಕ್ಕೆ ಸರಿಯುತ್ತಿದೆಯಾ ಅಂತ ತಿಳಿಯಲು ಈ ಲೆಕ್ಕ ಬೇಕು. ಒಂದೇ ನೇರಳೆ ಮರಕ್ಕೆ ನಾಲ್ಕು ಹುಡುಗಿಯರು ಜಗಳವಾಡಿದರು. ಈ ಹುಡುಗ ಮನೆಯ ಹಿಂದಿನ ಹಲಸು ಆರಿಸಿಕೊಂಡ.

ಅವನ ಪ್ರಶ್ನೆ ಹುಟ್ಟಿದ್ದು ಆ ಪಟ್ಟಿಯಿಂದಲೇ. ಬಿದ್ದದ್ದನ್ನು ಹೂವಿನ ಎದುರು ಬರೆಯಬೇಕಾ, ಕಾಯಿಯ ಎದುರಾ? "ಅಮ್ಮ ಹೇಳ್ತು, ಅದು ಉದುರಿದ ಮಿಡಿ ಅಂತ." ನನಗೂ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂದೆ.

ರಾತ್ರಿ ಕೂತು ಓದಿದೆ. ಹಲಸಿನಲ್ಲಿ ಗಂಡು ಹೂಗೊಂಚಲು, ಹೆಣ್ಣು ಹೂಗೊಂಚಲು ಒಂದೇ ಮರದಲ್ಲಿ ಬಿಡುತ್ತವೆ. ಎರಡೂ ನೋಡಲು ಮಿಡಿಯ ಹಾಗೇ. ಗಂಡಿನ ತೊಟ್ಟು ತೆಳು. ಪರಾಗ ಉದುರಿದ ಮೇಲೆ ಬೂಷ್ಟು ಹಿಡಿದು, ಕಪ್ಪಾಗಿ ಬೀಳುತ್ತದೆ. ದಪ್ಪ ತೊಟ್ಟಿನ ಹೆಣ್ಣು ಉಳಿದು ಕಾಯಾಗುತ್ತದೆ. ಇನ್ನೂ ಸೊಗಸಾದ ವಿಷಯವೊಂದು ಸಿಕ್ಕಿತು. ಸೊಳ್ಳೆಗಿಂತ ಚಿಕ್ಕ ನೊಣವೊಂದು ಆ ಬೂಷ್ಟು ಹಿಡಿದ ಗಂಡು ಹೂಗಳಲ್ಲೇ ಮರಿ ಮಾಡಿ, ಪರಾಗ ಹೊರುತ್ತದೆ ಅಂತ ಫ್ಲೋರಿಡಾದ ಹಲಸಿನ ಮರಗಳನ್ನು ನೋಡಿದ ಸಂಶೋಧಕರು 2018ರಲ್ಲಿ ಬರೆದಿದ್ದಾರೆ. ಕೊಳೆತದ್ದು ಅಂತ ನಾವು ತುಳಿದು ಹೋಗುವುದರಲ್ಲಿ ಎಷ್ಟು ಕೆಲಸ ನಡೆದಿರುತ್ತದೆ!

ಮರುದಿನ ಇಡೀ ಕ್ಲಾಸು ಅವನ ಹಿತ್ತಲಿಗೆ ಹೋದೆವು. ಭೂತಗನ್ನಡಿಯಲ್ಲಿ ಪುಟ್ಟ ಪುಟ್ಟ ಹುಳಗಳು ಕಂಡವು. ಅವೂ ಅದೇ ನೊಣ ಅಂತ ನಾನು ಹೇಳಲಿಲ್ಲ. ಕಂಡದ್ದನ್ನು ಬರೆದಿಡಿ ಅಂದೆ. ಅವನು ದಪ್ಪ ತೊಟ್ಟಿನವನ್ನು ಹುಡುಕಿ, ಕೈಗೆ ಎಟುಕಿದ ಒಂಬತ್ತಕ್ಕೆ ದಾರ ಕಟ್ಟಿದ.

ಅವನ ಅಮ್ಮ ಅಂಗಳದಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. "ಇಷ್ಟು ವರ್ಷ ಗುಡಿಸಿ ಗುಡಿಸಿ ಒಗೆದೆ ಅಕ್ಕೋರೇ. ಅದು ಹೂ ಅಂತ ಇವತ್ತು ಗೊತ್ತಾತು," ಅಂದರು. ನಾನು ನಿನ್ನೆ ರಾತ್ರಿ ಕಲಿತದ್ದು ಅಂತ ಹೇಳಿದೆ. ಇಬ್ಬರೂ ನಕ್ಕೆವು.

ಎರಡು ದಿನದ ಪರಿಸರ ಶಿಬಿರಗಳನ್ನೂ ನಾನು ನಡೆಸಿದ್ದೇನೆ. ಮಕ್ಕಳು ಖುಷಿಪಡುತ್ತಾರೆ, ನಿಜ. ಆದರೆ ಎರಡು ದಿನದಲ್ಲಿ ಹಲಸಿನ ಹೂ ಉದುರುವುದನ್ನು ಕಾಯಲು ಆಗುವುದಿಲ್ಲ, ಅಲ್ವಾ? ಇಂಟರ್ನ್‌ಶಿಪ್ಪಿಗೆ ಹೋಗುವವರು ಸಾಧ್ಯವಾದರೆ ಒಂದು ವರ್ಷಕ್ಕೇ ಹೋಗಿ. ನನಗೆ ಸಿಕ್ಕಿದ್ದು ಐದೇ ತಿಂಗಳು.

ಏಪ್ರಿಲ್ ಕೊನೆಗೆ ಹೊರಟಾಗ ದಾರ ಕಟ್ಟಿದ್ದರಲ್ಲಿ ಏಳು ಉಳಿದಿದ್ದವು, ಒಂದೂ ಹಣ್ಣಾಗಿರಲಿಲ್ಲ. ಜೂನ್‌ನಲ್ಲಿ ನನ್ನ ಜಾಗಕ್ಕೆ ಬರುವ ಹುಡುಗಿಗೆ ಮಕ್ಕಳು ಮರಗಳ ಲೆಕ್ಕ ಬರೆದ ಪುಸ್ತಕಗಳನ್ನು ಕಟ್ಟಿಟ್ಟೆ. ಹಲಸಿನ ಪುಸ್ತಕದ ಕೊನೆಯ ಪುಟದಲ್ಲಿ ಅವನು ಅವಳಿಗಾಗಿ ಒಂದು ಸಾಲು ಬರೆದಿದ್ದಾನೆ: "ಹೊಸ ಅಕ್ಕೋರೇ, ಬಿಳಿ ದಾರ ಬಿಸಿಲಿಗೆ ಲಡ್ಡಾಗಿದೆ, ಬರುವಾಗ ಕೆಂಪು ನೈಲಾನ್ ದಾರ ತನ್ನಿ."