ಹನ್ನೊಂದು ಕಾಲ್

12 ನವೆಂಬರ್ 2024, ಮಂಗಳವಾರ, ರಾತ್ರಿ 10.20

90.

ಇದು ಏನು ಅಂತ ಆಮೇಲೆ ಹೇಳ್ತೀನಿ. ಅಕ್ಕ ಹತ್ತು ಗಂಟೆಗೆ 'ಹೊರಟೆ' ಅಂತ ಮೆಸೇಜ್ ಹಾಕಿದ್ದಾಳೆ. ಅವಳು ಮನೆ ಸೇರೋಕೆ ಮುಕ್ಕಾಲು ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ಹನ್ನೊಂದರವರೆಗೆ ನಾನು ಫೋನ್ ಮಾಡೋ ಹಾಗಿಲ್ಲ.

ಇವತ್ತು ಕೌನ್ಸೆಲಿಂಗ್‌ಗೆ ಆರನೇ ಸಲ ಹೋಗಿದ್ದು. ಕೂತ ತಕ್ಷಣ ಮೇಡಂ, "ಶನಿವಾರದ ಕಾಲ್ ಲಿಸ್ಟ್ ತೋರಿಸ್ತೀರಾ?" ಅಂದ್ರು. ತೋರಿಸಿದೆ. ಅಕ್ಕನ ಹೆಸರು, ಪಕ್ಕದಲ್ಲಿ ಕಂಸದೊಳಗೆ 11. ಸಂಜೆ 6.12ರಿಂದ 6.49ರೊಳಗೆ. ಅವಳು ಗಾಡಿ ಓಡಿಸ್ತಿದ್ದಳು, ಫೋನ್ ಬ್ಯಾಗಲ್ಲಿತ್ತು. ವಿಷಯ ಅಷ್ಟೇ.

"ಎರಡನೇ ಸಲವೂ ಎತ್ತಲಿಲ್ಲ. ಆಗ ಏನನ್ನಿಸ್ತು?"

"ಏನೋ ಆಗಿದೆ ಅಂತ."

"ಏನೋ ಅಂದ್ರೆ?"

ಬಾಯಿ ಬರಲಿಲ್ಲ. ಮೇಡಂ ಸುಮ್ಮನೆ ಕೂತಿದ್ರು. ಮೊದಮೊದಲು ಅವರು ಹೀಗೆ ಸುಮ್ಮನಾದ್ರೆ ನನಗೆ ಸಿಟ್ಟು ಬರ್ತಿತ್ತು, ಮಾತಾಡಿಸೋಕೆ ತಾನೇ ಇವರು ಇರೋದು ಅಂತ. ಈಗ ಆ ಮೌನದಲ್ಲಿ ಗೋಡೆ ಗಡಿಯಾರದ ಮುಳ್ಳು ನೋಡ್ತಾ ಕೂರೋದು ಅಭ್ಯಾಸ ಆಗಿದೆ.

"ಆಕ್ಸಿಡೆಂಟ್."

"ಆಮೇಲೆ?"

"ಅವಳ ಫೋನನ್ನ ಬೇರೆ ಯಾರೋ ಎತ್ತಿ ಮಾತಾಡ್ತಾರೆ."

"ಆಮೇಲೆ?"

"ನಾನು ಹೋಗೋಷ್ಟರಲ್ಲಿ ಎಲ್ಲ ಮುಗಿದಿರತ್ತೆ."

ಅಪ್ಪ ಹೋಗಿದ್ದೂ ಹೀಗೇ, ಅದನ್ನ ಮತ್ತೆ ಬರೆಯಲ್ಲ. ಶನಿವಾರ ಆರೂಕಾಲಿಗೆ ನಾನು ಅಕ್ಕನಿಗೆ ಫೋನ್ ಮಾಡ್ತಿರಲಿಲ್ಲ ಅನ್ನೋದು ಅವರು ಮೂರನೇ ಸಲ 'ಆಮೇಲೆ?' ಅಂದಾಗ ನನ್ನ ಬಾಯಿಂದಲೇ ಬಂತು. ಯಾರಿಗೆ ಮಾಡ್ತಿದ್ದೆ ಅಂತ ಅವರು ಕೇಳಲೂ ಇಲ್ಲ.

ಆರನ್ ಬೆಕ್ ಅನ್ನೋ ವೈದ್ಯ 1960ರ ದಶಕದಲ್ಲಿ ತನ್ನ ರೋಗಿಗಳಲ್ಲಿ ಇದನ್ನೇ ಗಮನಿಸಿದ್ದನಂತೆ. ಸಂಕಟ ಬರೋದಕ್ಕೆ ಮುಂಚೆ ಒಂದು ಯೋಚನೆ ತಾನಾಗಿ ಮಿಂಚಿ ಹೋಗಿರತ್ತೆ, ನಮಗೆ ಸಂಕಟ ಮಾತ್ರ ನೆನಪಿರತ್ತೆ. ಮಿಂಚಿದ್ದನ್ನ ಹಿಡಿದು ಮುಂದೆ ಕೂರಿಸಿಕೊಂಡು, ನೀನು ಹೇಳೋದು ಎಷ್ಟು ನಿಜ ಅಂತ ವಿಚಾರಿಸೋದು. ಹೇಳೋಕೆ ಸುಲಭ.

10.30. ಇನ್ನೂ 90. ಕೈ ತಣ್ಣಗಿದೆ.

ಕೈ ಯಾಕೆ ತಣ್ಣಗಾಗತ್ತೆ ಅಂತ ಎರಡನೇ ವಾರ ಚಿತ್ರ ಬರೆದು ತೋರಿಸಿದ್ರು. ಮಿದುಳಲ್ಲಿ ಬಾದಾಮಿ ಗಾತ್ರದ ಅಮಿಗ್ಡಲ ಅಂತ ಇದೆ. ಹಾವು ಕಂಡ್ರೂ ಅಷ್ಟೇ, ಫೋನ್ ಎತ್ತದಿದ್ರೂ ಅಷ್ಟೇ, ಅದು ಒಂದೇ ಗಂಟೆ ಬಾರಿಸೋದು. ಅಡ್ರಿನಲಿನ್ ಏರತ್ತೆ, ರಕ್ತ ಚರ್ಮದಿಂದ, ಹೊಟ್ಟೆಯಿಂದ ಹೊರಟು ಓಡೋ ಕಾಲಿಗೆ ಹೋಗತ್ತೆ. ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗೋದು ಅದಕ್ಕೇ. ಸರಿ, ಓಡು ಅಂದಿತು. ಎಲ್ಲಿಗೆ? ಶನಿವಾರ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಿದ್ದೇ ಬಂತು.

ಮೊದಲ ದಿನ ಏಳು ಪ್ರಶ್ನೆಯ ಹಾಳೆ ಕೊಟ್ಟಿದ್ರಲ್ಲ, ಕಳೆದ ಎರಡು ವಾರದಲ್ಲಿ ಎಷ್ಟು ದಿನ ಹೀಗಾಯಿತು ಅಂತ? ಆಗ 21ಕ್ಕೆ 16. ಹದಿನೈದಾದ್ರೇ ತೀವ್ರ ಅಂತ ಲೆಕ್ಕ. ಇವತ್ತು 11. ಕಡಿಮೆ ಅಂಕ ಬಂದಿದ್ದಕ್ಕೆ ಜೀವನದಲ್ಲಿ ಮೊದಲ ಸಲ ಖುಷಿಪಟ್ಟೆ. ಬರ್ತಾ ದಾರಿಯಲ್ಲಿ ಫೋನ್ ತೆಗೆದ್ರೆ ಗ್ರೂಪಲ್ಲಿ ಯಾರೋ ಫಾರ್ವರ್ಡ್ ಮಾಡಿದ್ದಾರೆ: ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ. ಆಯ್ತಪ್ಪಾ. ಹಾಗಾದ್ರೆ ಸೊನ್ನೆ ನನ್ನ ಹತ್ರಾನೇ ಇರಲಿ, ಅಳಿಸಿದ್ರೆ ಉಳಿಯೋದು ಚಿತೆಯೇ ತಾನೆ.

ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಪ್ರತೀ ಸಲ ನೀನು ಫೋನ್ ಎತ್ತಿದಾಗ ನನಗೆ ಸಮಾಧಾನ ಆಗತ್ತೆ ನಿಜ, ಆದ್ರೆ ನಾನು ಫೋನ್ ಮಾಡಿದ್ದಕ್ಕೇ ನೀನು ಉಳಿದೆ ಅಂತ ಒಳಗಿರೋ ಭಯ ಕಲೀತಾ ಹೋಗತ್ತಂತೆ. ಮಾಡದಿದ್ರೂ ನೀನು ಮನೆ ಸೇರ್ತಿದ್ದೆ ಅನ್ನೋದನ್ನ ಕಲಿಯೋಕೆ ಅದಕ್ಕೆ ಅವಕಾಶವೇ ಸಿಕ್ಕಿಲ್ಲ. ಅದಕ್ಕೆ ಇನ್ಮೇಲೆ ನೀನು ಹೊರಟಾಗ ನಾನು ಫೋನ್ ಮಾಡಲ್ಲ. ಹತ್ತು ನಿಮಿಷಕ್ಕೊಮ್ಮೆ ಭಯಕ್ಕೆ ನೂರಕ್ಕೆ ಎಷ್ಟು ಅಂತ ಬರೆದಿಡ್ತೀನಿ, ಅಷ್ಟೇ.

"ಅಬ್ಬಾ, ಸದ್ಯ! ನಿನ್ನ ಭಯಕ್ಕೆ ಎಷ್ಟು ವರ್ಷ ಅಂತ ನಾನು ಹಾಜರಿ ಹಾಕ್ಲೇ," ಅಂತ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು, "ಒಂದ್ಸಲಾನೂ ಮಾಡಲ್ವಾ?" ಅಂದಳು.

ಆ ದನಿ ಮೇಡಂಗೆ ಹೇಗೆ ಹೇಳೋದೋ ಗೊತ್ತಿಲ್ಲ. 'ಏನೂ ಆಗಲ್ಲ ಬಿಡೇ' ಅಂತ ಹೇಳೋ ಅಕ್ಕ ಇರುವಾಗ ಹೊರಗಿನವರ ಹತ್ರ ಮಾತಾಡೋದು ಯಾಕೆ ಅಂತ ನನಗೂ ಅನ್ನಿಸ್ತಿತ್ತು. ಮೇಡಂ ಒಂದು ಸಲವೂ 'ಏನೂ ಆಗಲ್ಲ' ಅಂದಿಲ್ಲ. ಆಗಬಹುದು, ಆದ್ರೆ ನಿನ್ನ ಹನ್ನೊಂದು ಕಾಲ್ ಅದನ್ನ ತಡೆಯಲ್ಲ ಅನ್ನೋದೇ ಅವರ ಪಾಠ. ಅಕ್ಕನ ಬಾಯಲ್ಲಿ ಇದನ್ನ ಕೇಳೋಕೆ ನನ್ನಿಂದ ಆಗ್ತಿರಲಿಲ್ಲ, ಹೇಳೋಕೆ ಅವಳಿಂದಲೂ.

10.40. 70. ಫೋನನ್ನ ಕಪಾಟಿನ ಮೇಲಿಟ್ಟು ಬಂದೆ, ಕುರ್ಚಿ ಹತ್ತದೆ ಸಿಗಲ್ಲ.

ಹೀಗೆ ಕೂತು ಬರೆಯೋದೂ ಭಯದಿಂದ ತಪ್ಪಿಸಿಕೊಳ್ಳೋ ಇನ್ನೊಂದು ಉಪಾಯವೋ ಏನೋ. ಬರೀ ಅಂಕಿ ಬರೀರಿ ಅಂದಿದ್ರು, ಪುಟಗಟ್ಟಲೆ ಅಲ್ಲ. ಮುಂದಿನ ವಾರ ಕೇಳಬೇಕು.

10.50. 45. ಅಥವಾ 50, ಇದನ್ನೆಲ್ಲ ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳೋದು. ಅವಳು ಮುಟ್ಟಿದ್ದಾಳೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ, ಆದ್ರೂ ಇಳಿದಿದೆ. ಈಗಷ್ಟೇ ಕೆಳಗೆ ಗೇಟು ಸದ್ದಾಯಿತು, ಎದ್ದು ಕಿಟಕಿಗೆ ಹೋದೆ. ಅಕ್ಕ ಬರೋದು ಇಲ್ಲಿಗಲ್ಲ ಅನ್ನೋದು ನೆನಪಾಗಿದ್ದು ಪರದೆ ಸರಿಸಿದ ಮೇಲೆ. ಹಾಗಾದ್ರೆ ನಾನು ಯಾರನ್ನ